ಪರದೆಯ ಮೇಲೆ ಇರದ ಹೆಸರು

ಇಂಥ ಸಂಗತಿಗಳನ್ನು ಯಾರಾದರೂ ನನ್ನ ಮುಂದೆ ಹೇಳಲು ಶುರುಮಾಡಿದರೆ ನಾನು ಮೊದಲು ಅವರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ. ತೀರಿಹೋದ ಅತ್ತೆ ಹಿತ್ತಲಲ್ಲಿ ಕೆಮ್ಮಿದ್ದು ಕೇಳಿಸಿತು ಎಂದವರಿಗೆ ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿದ್ದೇನೆ. ಕನಸಿನಲ್ಲಿ ಕಂಡದ್ದು ಬೆಳಗಾದ ಮೇಲೆ ನಿಜವಾಯಿತು ಎಂದವರಿಗೆ, ನಿಜವಾಗದೆ ಹೋದ ಕನಸುಗಳನ್ನೂ ನೆನಪಿಟ್ಟುಕೊಂಡಿದ್ದೀರಾ ಎಂದು ಕೇಳಿ ಬಾಯಿ ಮುಚ್ಚಿಸಿದ್ದೇನೆ. ನನ್ನ ನಾಲಿಗೆ ಸ್ವಲ್ಪ ಚುರುಕು, ಮನೆಯವರೂ ಅದನ್ನೇ ಹೇಳುತ್ತಾರೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಓದಿದವರು ನನ್ನ ಬಗ್ಗೆ ಏನು ಅಂದುಕೊಂಡರೂ ಬೇಸರವಿಲ್ಲ. ಆ ಭಾನುವಾರದ ಹಿಂದಿನ ದಿನ ಕೇಳಿದ್ದರೆ ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ನಾನು ವೈದ್ಯೆ. ಹುಟ್ಟಿದ್ದು ಆಳಂದದಲ್ಲಿ, ಮದುವೆಯಾಗಿ ಬಂದದ್ದು ಅಫಜಲಪುರಕ್ಕೆ. ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ದವಾಖಾನೆ ನಡೆಸುತ್ತೇನೆ. ಬರುವವರಲ್ಲಿ ಹೆಂಗಸರೇ ಹೆಚ್ಚು, ಬರುವುದು ಯಾವಾಗಲೂ ತಡವಾಗಿ. ಹೊಲದ ಕೆಲಸ ಮುಗಿಯಲಿ, ಗಂಡನಿಗೆ ಬಿಡುವಾಗಲಿ, ಬಸ್ಸು ಸಿಗಲಿ ಎಂದು ಕಾಯುತ್ತಾರೆ. ಅಷ್ಟರಲ್ಲಿ ಜ್ವರ ತಾನಾಗಿ ಇಳಿದರೆ ಬರುವುದೇ ಇಲ್ಲ. ಇವರು ಬರುವ ತನಕ ಕಾಯುವ ಬದಲು ನಾವೇ ಇವರ ಮನೆಯೊಳಗೆ ಹೋಗಬೇಕು, ಅದಕ್ಕೆ ಫೋನಿಗಿಂತ ಹತ್ತಿರದ ದಾರಿಯಿಲ್ಲ ಎಂದುಕೊಂಡು ಒಂದು ಪೇಜು ತೆರೆದೆ. ರಕ್ತ ಕಡಿಮೆಯಾದರೆ ಏನು ತಿನ್ನಬೇಕು, ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕು, ಬಸುರಿಯ ಕಾಲು ಬಾತರೆ ಯಾವಾಗ ಹೆದರಬೇಕು ಎಂದು ನಮ್ಮ ಕಡೆಯ ಮಾತಿನಲ್ಲೇ ಸಣ್ಣ ಸಣ್ಣ ವಿಡಿಯೊ ಮಾಡಿ ಹಾಕಿದೆ. ಮೊದಲು ನಮ್ಮ ಊರಿನವರು ನೋಡಿದರು, ಆಮೇಲೆ ಆಳಂದದವರು, ಆಮೇಲೆ ಜೇವರ್ಗಿಯವರು.

ಪೇಜು ಸೇರುವವರ ಹೆಸರು ನೋಡಿದರೆ ನಗು ಬರುತ್ತಿತ್ತು. ಪ್ರಿನ್ಸ್ ಮೆಹಬೂಬ್, ರಾಯಲ್ ಮಲ್ಲು, ಲೋನ್ಲಿ ಬಾಯ್ ಜೇವರ್ಗಿ. ಬಸುರಿಯರ ಆರೈಕೆಯ ವಿಡಿಯೊಗಳಲ್ಲಿ ಈ ಲೋನ್ಲಿ ಬಾಯ್‌ಗೆ ಏನು ಕೆಲಸ ಎಂದು ಶಬಾನಾಳನ್ನು ಕೇಳಿದೆ. ಶಬಾನಾ ನನ್ನ ದವಾಖಾನೆಯ ನರ್ಸ್. ಮನೆಯಲ್ಲಿ ಉರ್ದು, ಇಲ್ಲಿ ಕನ್ನಡ, ಬೈಯುವಾಗ ಎರಡೂ.

"ಅವ ನೋಡಂಗಿಲ್ರಿ ಮೇಡಂ. ಅವನ ಫೋನಿನ್ಯಾಗ ಅವರಕ್ಕ ನೋಡ್ತಾಳ" ಎಂದಳು.

ಅದೇ ನಿಜ. ನಮ್ಮ ಹಳ್ಳಿಗಳಲ್ಲಿ ಮನೆಗೊಂದು ಒಳ್ಳೆಯ ಫೋನು ಇದ್ದರೆ ಅದು ಗಂಡನದೋ ಮಗನದೋ ಮೈದುನನದೋ ಆಗಿರುತ್ತದೆ. ಅದನ್ನು ಕೈಗೆ ಸಿಕ್ಕಷ್ಟು ಹೊತ್ತು ನೋಡುವ ಹೆಂಗಸಿನ ಹೆಸರು ಎಲ್ಲೂ ಇರುವುದಿಲ್ಲ. ಅದು ತಿಳಿದ ಮೇಲೆ ನಾನೊಂದು ಪದ್ಧತಿ ಮಾಡಿದೆ. ಭಾನುವಾರ ಮಧ್ಯಾಹ್ನ ಲೈವ್ ಬರುತ್ತೇನೆ. ಆ ವಾರ ಹೊಸದಾಗಿ ಸೇರಿದವರು, ಫೋನು ಯಾರದೇ ಇರಲಿ, ನೋಡುವವರ ಸ್ವಂತ ಹೆಸರನ್ನೂ ಊರನ್ನೂ ಕಾಮೆಂಟಿನಲ್ಲಿ ಬರೆಯಬೇಕು. ನಾನು ಒಂದೊಂದೇ ಓದಿ, "ಸರಸಂಬಾದ ಕಾಶೀಬಾಯಿ ಅಕ್ಕಾರ, ಬರ್ರಿ ಬರ್ರಿ, ಆರಾಮ ಇದ್ದೀರೇನ್ರಿ?" ಎಂದು ಸ್ವಾಗತಿಸುತ್ತೇನೆ. ಮನೆಗೆ ಬಂದವರಿಗೆ ನೀರು ಕೊಟ್ಟು ಊರು ಕೇಳುವ ನಾಡಿನಲ್ಲಿ ಬೆಳೆದವಳು ನಾನು. ಫೋನಿನೊಳಗಿಂದ ನೀರು ಕೊಡಲಾಗದು, ಊರನ್ನಾದರೂ ಕೇಳಬಹುದಲ್ಲ.

ಇದನ್ನು ಕಂಡು ಕಲಬುರಗಿಯ ನನ್ನ ವೈದ್ಯ ಗೆಳತಿಯರು ಬಸ್ಸಿನ ಕಂಡಕ್ಟರ್ ಹಾಗೆ ಊರು ಕೂಗುತ್ತೀಯಲ್ಲ ಎಂದು ಕಾಡಿಸಿದ್ದುಂಟು. ಆದರೆ ಫೋನಿನೊಳಗಿಂದ ತಮ್ಮ ಹೆಸರು ಕೇಳಿದ ಹೆಂಗಸರು ಅದನ್ನು ಓಣಿಗೆಲ್ಲ ಕೇಳಿಸುತ್ತಿದ್ದರು. ಹೆಸರು ಕೇಳಿದವರು ಮುಂದಿನ ಸಲ ದವಾಖಾನೆಗೂ ಬೇಗ ಬರುತ್ತಿದ್ದರು. ನನಗೆ ಬೇಕಾಗಿದ್ದುದು ಅಷ್ಟೇ.

ಕೆಲವು ವರ್ಷಗಳ ಹಿಂದೆ ಎಳ್ಳಮವಾಸ್ಯೆ ಭಾನುವಾರವೇ ಬಂತು. ನಮ್ಮ ಕಡೆಯವರಿಗೆ ಆ ಹಬ್ಬದ ಬಗ್ಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಆ ದಿನ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಗೆ ಅದೇ ಅಡುಗೆಯ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿದ ಮೇಲೆ ತಾವು ಅಲ್ಲಿಯೇ ಕೂತು ಉಣ್ಣುತ್ತಾರೆ. ಊರು ಖಾಲಿಯಾಗಿರುತ್ತದೆ.

"ಇವತ್ತ ಯಾರ್ ನೋಡ್ತಾರ್ರಿ ಮೇಡಂ? ಎಲ್ಲಾರೂ ಹೊಲದಾಗ ಉಣ್ಣಾಕತ್ತಾರ" ಎಂದಳು ಶಬಾನಾ. ಅವಳಿಗೂ ಪರಿಚಯದವರ ಹೊಲದಿಂದ ಊಟದ ಕರೆ ಬಂದಿತ್ತು. ಬೇಗ ಮುಗಿಸೋಣ ಎಂದೆ. ಅವಳು ಎಂದಿನಂತೆ ಎದುರಿಗೆ ಕೂತು ನನ್ನ ಫೋನಿನಲ್ಲಿ ಲೈವ್ ಹಚ್ಚಿದಳು. ಕಾಮೆಂಟು ಓದಲು ತನ್ನ ಫೋನನ್ನು ನನ್ನ ಮೇಜಿನ ಮೇಲೆ ಇಟ್ಟಳು.

ಅವಳು ಹೇಳಿದ ಹಾಗೇ ನೋಡುವವರು ಕಡಿಮೆಯಿದ್ದರು. ಬಂದ ಕೆಲವು ಹೆಸರುಗಳನ್ನು ಓದಿ ಸ್ವಾಗತಿಸಿದೆ, ಹಬ್ಬದ ಶುಭಾಶಯ ಹೇಳಿದೆ. ಮುಗಿಸೋಣವೇ ಎಂದು ಶಬಾನಾ ಸನ್ನೆ ಮಾಡಿದಳು. ಆಗ ನಾನು ಇನ್ನೊಂದು ಹೆಸರು ಓದಿದೆ. ಓದಿದೆ ಎಂದೇ ಇವತ್ತಿಗೂ ನನ್ನ ಬಾಯಿಗೆ ಬರುತ್ತದೆ, ಏಕೆಂದರೆ ನನ್ನ ನೆನಪಿನಲ್ಲಿ ಅದು ಓದಿದ ಹಾಗೆಯೇ ಇದೆ.

"ಹವಳಗಾದ ಸುಗಲಾ, ಬಾರವ್ವ. ತಲಿ ಸಿಡ್ಯಾಕತ್ತದಲ್ಲ, ಕಣ್ಣ ಮುಂದ ಮಂಜ ಮಂಜ ಆಗಾಕತ್ತದಲ್ಲ? ಅದು ದೃಷ್ಟಿ ಅಲ್ಲ. ಏಳು. ಈಗೇ ಬಾ."

ಇಷ್ಟು ಹೇಳಿ ಎಲ್ಲರಿಗೂ ಕೈ ಮುಗಿದೆ. ಶಬಾನಾ ಲೈವ್ ನಿಲ್ಲಿಸಿದಳು, ಫೋನು ಕೆಳಗಿಡಲಿಲ್ಲ.

"ಸುಗಲಾ ಯಾರ್ರಿ?" ಎಂದಳು.

ಈಗ ತಾನೇ ಕಾಮೆಂಟು ಬಂತಲ್ಲ ಎಂದೆ. ಬಂದಿಲ್ಲ ಎಂದಳು. ಮೇಜಿನ ಮೇಲಿನ ಫೋನು ತೆಗೆದು ನೋಡಿದೆ. ಅಲ್ಲಿ ಅಂಥ ಹೆಸರು ಇರಲಿಲ್ಲ. ಬರೆದವರು ಅಳಿಸಿರಬೇಕು, ನಿನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೇ ಎಂದು ಅವಳನ್ನೇ ಸ್ವಲ್ಪ ಗದರಿಸಿದೆ. ಅವಳು ವಾದ ಮಾಡಲಿಲ್ಲ. ಊಟಕ್ಕೂ ಹೋಗಲಿಲ್ಲ. ಯಾಕೋ ಇವತ್ತು ಇಲ್ಲೇ ಇರುತ್ತೇನೆ ಎಂದು ಹೇಳಿ ಡ್ರೆಸಿಂಗ್ ಸಾಮಾನು ಒರೆಸುತ್ತ ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಒಂದು ಟಂಟಂ ಆಟೊ ಬಂದು ಬಾಗಿಲಿಗೆ ನಿಂತಿತು. ಅದರೊಳಗಿಂದ ಒಬ್ಬ ಯುವಕ, ಒಬ್ಬ ಹಿರಿಯ ಹೆಂಗಸು, ಇಬ್ಬರ ನಡುವೆ ತುಂಬು ಬಸುರಿಯೊಬ್ಬಳು ಇಳಿದರು. ಬಸುರಿಯ ಮುಖ ಬಾತಿತ್ತು. ಪಾದಗಳು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಅವಳನ್ನು ಮಲಗಿಸಿ ಬಿಪಿ ನೋಡಿದೆ. ನಂಬಿಕೆಯಾಗದೆ ಇನ್ನೊಂದು ತೋಳಿನಲ್ಲೂ ನೋಡಿದೆ. ಬಸುರಿಯಲ್ಲಿ ರಕ್ತದೊತ್ತಡ ಹೀಗೆ ಏರಿದರೆ ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು. ಬಂದರೆ ತಾಯಿ ಮಗು ಇಬ್ಬರೂ ಕೈಬಿಟ್ಟು ಹೋಗುವುದನ್ನು ನಾನು ಕಲಿಯುವಾಗಲೇ ಕಣ್ಣಾರೆ ಕಂಡಿದ್ದೆ. ಶಬಾನಾ ಆಗಲೇ ಅಂಬುಲೆನ್ಸಿಗೆ ಫೋನು ಮಾಡುತ್ತಿದ್ದಳು. ಫಿಟ್ಸ್ ತಡೆಯುವ ಇಂಜೆಕ್ಷನ್ ಕೊಟ್ಟೆ, ಬಿಪಿ ಇಳಿಸುವ ಔಷಧ ಕೊಟ್ಟೆ, ಕಲಬುರಗಿಯ ದೊಡ್ಡ ದವಾಖಾನೆಗೆ ಚೀಟಿ ಬರೆಯಲು ಕೂತೆ. ಹೆಸರೇನು ಎಂದು ಕೇಳಿದೆ.

"ಭಾಗ್ಯಶ್ರೀ ಅಂತ್ರಿ. ನನ್ನ ಸೊಸಿ. ಹವಳಗಾದವರು ನಾವು" ಎಂದು ಹಿರಿಯ ಹೆಂಗಸು ತಾಯಿಕಾರ್ಡು ಮುಂದೆ ಹಿಡಿದಳು. ಕಾರ್ಡಿನಲ್ಲೂ ಅದೇ ಹೆಸರಿತ್ತು. ನಾನು ಅದನ್ನು ಬರೆಯುತ್ತಿದ್ದೆ. ಮಂಚದ ಮೇಲಿದ್ದವಳು ಕಣ್ಣು ತೆರೆಯದೆ ಮಾತಾಡಿದಳು.

"ಸುಗಲಾ ಅಂತ ಬರೀರಿ ಮೇಡಂ. ನೀವು ಕರದ್ರಿ, ಅದಕ್ಕ ಬಂದೇನಿ."

ನನ್ನ ಪೆನ್ನು ನಿಂತಿತು. ಆದರೆ ಆ ಹೊತ್ತಿನಲ್ಲಿ ವಿಚಾರ ಮಾಡುತ್ತ ಕೂರಲು ಆಗುತ್ತಿರಲಿಲ್ಲ. ಅಂಬುಲೆನ್ಸ್ ಬಂತು, ಶಬಾನಾ ಜೊತೆಗೆ ಹತ್ತಿದಳು. ದಾರಿಯುದ್ದಕ್ಕೂ ಅವಳು ಫೋನಿನಲ್ಲಿ ಬಿಪಿ ಹೇಳುತ್ತಾ ಹೋದಳು, ನಾನು ಇಲ್ಲಿಂದ ಏನು ಮಾಡಬೇಕೆಂದು ಹೇಳುತ್ತಾ ಹೋದೆ. ಮರುದಿನ ಮುಂಜಾನೆ ಅವಳ ಫೋನು ಬಂತು. ಆಪರೇಷನ್ ಮಾಡಿ ಮಗುವನ್ನು ತೆಗೆದಿದ್ದರು. ಹೆಣ್ಣು ಮಗು, ಬಹಳ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ತಾಯಿಗೆ ಭಯವಿಲ್ಲ ಎಂದಳು. ಇನ್ನೊಂದು ರಾತ್ರಿ ಮನೆಯಲ್ಲೇ ಇಟ್ಟುಕೊಂಡಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ವೈದ್ಯರು ಹೇಳಿದ್ದರಂತೆ. ನಾನು ಫೋನಿಟ್ಟು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ.

ಹೊಲದಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ಆಮೇಲೆ ಸುಗಲಾಳ ಅತ್ತೆಯೇ ನನಗೆ ಹೇಳಿದಳು. ಕೆಟ್ಟ ಹೆಂಗಸಲ್ಲ, ಸೊಸೆಯ ಮೇಲೆ ಜೀವ ಇಟ್ಟವಳು. ಸೊಸೆಗೆ ಮುಂಜಾನೆಯಿಂದ ತಲೆನೋವಿತ್ತು. ಹಬ್ಬದ ದಿನ ಹೊಸ ಸೀರೆ ಉಟ್ಟು ಬಂದ ತುಂಬು ಬಸುರಿ, ಯಾರದೋ ಕಣ್ಣು ತಾಗಿದೆ ಎಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಜಾಲಿಮರದ ನೆರಳಿನಲ್ಲಿ ಮಲಗಿಸಿದ್ದಳು. ಮಗ ಸಕ್ಕರೆ ಕಾರ್ಖಾನೆಯ ಕೆಲಸದವನು, ದವಾಖಾನೆಗೆ ಕರೆದೊಯ್ಯಲೇ ಎಂದು ಒಮ್ಮೆ ಕೇಳಿದ್ದನಂತೆ. ಅಮವಾಸ್ಯೆಯ ದಿನ ಬಸುರಿಯನ್ನು ಊರ ಗಡಿ ದಾಟಿಸಬಾರದು, ನಾಳೆ ಮುಂಜಾನೆ ಎದ್ದ ಕೂಡಲೇ ಹೋಗೋಣ ಎಂದು ತಾಯಿಯೇ ತಡೆದಳು. ಸುಗಲಾಳ ನಾದಿನಿ ಪೂಜಾ ಅಣ್ಣನ ಫೋನಿನಲ್ಲಿ ನನ್ನ ಲೈವ್ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಆ ವಾರವೇ ಪೇಜು ಸೇರಿದವಳು, ತನ್ನ ಹೆಸರು ಬರೆದು ಕಾಯುತ್ತಿದ್ದಳು. ಅವಳ ಹೆಸರನ್ನು ಓದಿದ್ದು ನನಗೂ ನೆನಪಿದೆ. ಅದಾದ ಮೇಲೆ ಸುಗಲಾ ಎಂಬ ಹೆಸರು ಬಂತು. ಮಲಗಿದ್ದವಳು ಎದ್ದು ಕೂತಳು, ಎದ್ದು ನಿಂತಳು, ಯಾರಿಗೂ ಏನೂ ಹೇಳದೆ ಬದುವಿನ ಮೇಲೆ ರಸ್ತೆಯ ಕಡೆ ನಡೆಯತೊಡಗಿದಳು.

"ನಾ ಚೀರಿದೆರಿ, ಹೊಳ್ಳಿ ಬಾ ಬೇ ಅಂತ. ಕೇಳಲಿಲ್ರಿ ಆಕಿ. ಆಮ್ಯಾಲ ನನ್ನ ಮಗ ಓಡಿಹೋಗಿ ಟಂಟಂ ತಂದ" ಎಂದು ಹೇಳಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಹೆಸರಿನ ವಿಷಯ. ನಮ್ಮ ಕಡೆ ಅನೇಕ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡು ಉಂಗುರದ ತುದಿಯಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಆ ಹೊತ್ತಿನಿಂದ ತವರಿನ ಹೆಸರು ಮುಗಿಯಿತು. ನನಗೂ ಬರೆದಿದ್ದರು. ಡಿಗ್ರಿಯ ಮೇಲೆ ಹಳೆಯ ಹೆಸರು ಇದ್ದುದರಿಂದ, ಜೊತೆಗೆ ನಾನು ಹಟಮಾರಿಯಾಗಿದ್ದುದರಿಂದ, ನಾನು ಉಳಿಸಿಕೊಂಡೆ. ಸುಗಲಾಗೆ ಡಿಗ್ರಿ ಇರಲಿಲ್ಲ. ಜೇವರ್ಗಿ ಕಡೆಯ ಒಂದು ಹಳ್ಳಿಯಿಂದ ಬಂದವಳು. ತಂದೆ ತಾಯಿ ಇಬ್ಬರೂ ತೀರಿಹೋಗಿದ್ದಾರೆ. ಗಂಡನ ಮನೆಯಲ್ಲಿ, ಊರಿನಲ್ಲಿ, ಆಧಾರ್ ಕಾರ್ಡಿನಲ್ಲಿ ಎಲ್ಲ ಕಡೆ ಭಾಗ್ಯಶ್ರೀ. ಉಳಿದವನು ಒಬ್ಬ ಅಣ್ಣ, ಪುಣೆಯಲ್ಲಿ ಗಾರೆ ಕೆಲಸ ಮಾಡುತ್ತಾನೆ. ನಾನು ಅವನಿಗೂ ಫೋನು ಮಾಡಿ ಕೇಳಿದೆ. ನನ್ನ ಪೇಜು ಅವನು ನೋಡಿರಲಿಲ್ಲ, ತಂಗಿಗೆ ಆ ದಿನ ಹುಷಾರಿಲ್ಲವೆಂದೂ ಗೊತ್ತಿರಲಿಲ್ಲ. "ಆ ಹೆಸರು ನಮ್ಮವ್ವ ಕರೀತಿದ್ಲರಿ. ನಾ ತಂಗಿ ಅಂತೇನಿ" ಎಂದ.

ನಾನು ಸುಲಭವಾಗಿ ಬಿಡುವವಳಲ್ಲ. ಪೂಜಾ ಬರೆದು ಅಳಿಸಿರಬಹುದೇ ಎಂದು ಅವಳನ್ನು ಹತ್ತಿರ ಕೂರಿಸಿಕೊಂಡು ಕೇಳಿದೆ. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಆ ಹೆಸರಿತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಮದುವೆಯಾದಾಗ ಅವಳಿನ್ನೂ ಚಿಕ್ಕವಳು. ಸುಗಲಾ ಹಿಂದೆ ಎಂದಾದರೂ ನನ್ನ ದವಾಖಾನೆಗೆ ಬಂದಿದ್ದಳೇ ಎಂದು ಹುಡುಕಿದೆ, ಬಂದಿರಲಿಲ್ಲ. ತಲೆನೋವು, ಕಣ್ಣು ಮಂಜಾಗುವುದು, ಇವನ್ನು ನಾನು ವಾರವಾರವೂ ಬಸುರಿಯರಿಗೆ ಹೇಳುತ್ತೇನೆ, ಅದರಲ್ಲಿ ಆಶ್ಚರ್ಯವಿಲ್ಲ. ಸುಗಲಾ ಎಂಬುದೂ ನಮ್ಮ ಕಡೆ ಇರುವ ಹೆಸರೇ. ಹವಳಗಾ ಪಕ್ಕದ ಊರೇ. ಇವೆಲ್ಲ ನನ್ನ ತಲೆಯಲ್ಲಿ ತಾವಾಗಿ ಕೂಡಿಕೊಂಡು ಬಾಯಿಗೆ ಬಂದವು ಎನ್ನಬಹುದು. ಬೇರೆ ಯಾರಾದರೂ ಇದನ್ನು ನನಗೆ ಹೇಳಿದ್ದರೆ ನಾನು ಹಾಗೆಯೇ ಹೇಳಿ ಕಳಿಸುತ್ತಿದ್ದೆ.

ಆದರೆ ಆ ದಿನದ ವಿಡಿಯೊ ಇನ್ನೂ ನನ್ನ ಹತ್ತಿರ ಇದೆ. ಉಳಿದ ಹೆಸರುಗಳನ್ನು ಹೇಳುವಾಗ ನಾನು ಬಗ್ಗಿ ಮೇಜಿನ ಮೇಲಿನ ಫೋನು ನೋಡುತ್ತೇನೆ, ಕನ್ನಡಕ ಸರಿಮಾಡಿಕೊಳ್ಳುತ್ತೇನೆ. ಸುಗಲಾ ಎನ್ನುವಾಗ ನನ್ನ ಕಣ್ಣು ಮೇಜಿನ ಮೇಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದೇನೆ, ಅಲ್ಲಿ ಯಾರೋ ನಿಂತು ಮಾತಾಡಿಸಿದರೆ ನೋಡುತ್ತೇವಲ್ಲ ಹಾಗೆ. ಇನ್ನೊಂದು ಮಾತು. ಗುರುತಿಲ್ಲದವರನ್ನು ನಾನು ಏಕವಚನದಲ್ಲಿ ಕರೆಯುವವಳಲ್ಲ. ನನ್ನ ಬಾಯಲ್ಲಿ ಎಲ್ಲರೂ 'ಬರ್ರಿ', ಎಲ್ಲರೂ 'ಅಕ್ಕಾರ'. 'ಬಾರವ್ವ' ಎಂದು ಆ ಒಬ್ಬಳಿಗೇ ಹೇಳಿದ್ದೇನೆ.

ಮಗು ಮೈ ಹಿಡಿದ ಮೇಲೆ ಸುಗಲಾ ಅದನ್ನು ತೋರಿಸಲು ಬಂದಳು. ಬಿಳಿ ಟೊಪ್ಪಿಗೆಯೊಳಗೆ ಹಿಡಿಯಷ್ಟು ಮುಖ. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಮೇಡಂ, ನನ್ನ ಹೆಸರು ನಿಮಗ ಯಾರ್ ಹೇಳಿದ್ರಿ?"

ಗೊತ್ತಿಲ್ಲ ತಾಯಿ, ನಿಜವಾಗಿ ಗೊತ್ತಿಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. ನಾನು ಬಚ್ಚಿಡುತ್ತಿಲ್ಲ ಎಂದು ತಿಳಿಯಿತೇನೋ, ತಲೆಯಾಡಿಸಿ ಹೋದಳು. ಈ ಸುದ್ದಿ ಹವಳಗಾದಿಂದ ಸುತ್ತಲ ಊರುಗಳಿಗೆ ಹಬ್ಬಿತು. ಪೇಜು ಸೇರುವವರು ಒಮ್ಮೆಲೇ ಹೆಚ್ಚಾದರು. ಒಬ್ಬರು ತೆಂಗಿನಕಾಯಿ, ಊದಿನಕಡ್ಡಿ ಹಿಡಿದುಕೊಂಡು ದವಾಖಾನೆಗೇ ಬಂದರು. ಇದು ಗುಡಿಯಲ್ಲ, ಚೀಟಿ ಮಾಡಿಸಿ ಸರದಿಯಲ್ಲಿ ಕೂಡ್ರಿ ಎಂದು ಗದರಿಸಿದೆ. ಆದರೂ ಸುಳ್ಳು ಹೇಳಲಾರೆ. ಒಳಗೊಳಗೆ ನನಗೊಂದು ಧೈರ್ಯ ಬಂದಿತ್ತು. ಯಾರಿಗಾದರೂ ಆಪತ್ತು ಬಂದರೆ ಮತ್ತೆ ಹಾಗೆಯೇ ಆದೀತು, ಹೆಸರು ಬಾಯಿಗೆ ಬಂದೀತು ಎಂದು ನಂಬತೊಡಗಿದ್ದೆ.

ಮುಂದಿನ ಬೇಸಿಗೆಯಲ್ಲಿ ಜೇವರ್ಗಿ ತಾಲೂಕಿನ ಒಬ್ಬ ಹೆಣ್ಣುಮಗಳು ಪೇಜು ಸೇರಿದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಭಾನುವಾರ ತನ್ನ ಹೆಸರು, ಊರು ಬರೆದು ಪಕ್ಕದಲ್ಲಿ ಒಂದು ಹೂವಿನ ಚಿತ್ರ ಹಾಕಿದ್ದಳು. ನಾನು ಅದನ್ನು ಓದಿ ಎಲ್ಲರಂತೆ ಅವಳನ್ನೂ ಸ್ವಾಗತಿಸಿದೆ. ಅದೇ ವಾರ ಕಲಬುರಗಿಗೆ ಸಾಗಿಸುವಾಗ ದಾರಿಯಲ್ಲಿ ಫಿಟ್ಸ್ ಬಂದು ತೀರಿಕೊಂಡಳು. ಅವಳೂ ಬಸುರಿ, ಅದೇ ರೋಗ. ಅವಳ ಮೈದುನ ನನ್ನ ಪೇಜಿನಲ್ಲಿ ಸುದ್ದಿ ಬರೆದ. ಬೈದಿರಲಿಲ್ಲ. ವೈನಿ ನಿಮ್ಮ ವಿಡಿಯೊ ತಪ್ಪದೆ ನೋಡುತ್ತಿದ್ದರು, ನೀವು ಹೆಸರು ಕರೆದ ದಿನ ಬಹಳ ಖುಷಿಯಾಗಿದ್ದರು ಎಂದಷ್ಟೇ ಬರೆದಿದ್ದ.

ಆ ಭಾನುವಾರದ ವಿಡಿಯೊವನ್ನೂ ನೋಡಿದ್ದೇನೆ, ಎಷ್ಟು ಸಲವೋ ಗೊತ್ತಿಲ್ಲ. ಅವಳ ಹೆಸರು ಸ್ಪಷ್ಟವಾಗಿ ಬರೆದಿದೆ. ನನ್ನ ಕಣ್ಣು ಅದರ ಮೇಲೆಯೇ ಇದೆ. ನನ್ನ ದನಿಯಲ್ಲಿ ನಗುವಿದೆ. ಎಲ್ಲಿಯೂ ಬರೆಯದ ಹೆಸರನ್ನು ಕರೆದು ಏಳು ಎಂದವಳು ನಾನು, ಕಣ್ಣೆದುರೇ ಹೆಸರು ಬರೆದಿದ್ದವಳಿಗೆ ಆರಾಮ ಇದ್ದೀರೇನ್ರಿ ಎಂದು ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಹೆಸರಿಗೆ ಹೋಗಿದ್ದೇನೆ. ಅಂದು ಆ ಹೆಸರನ್ನು ಬಾಯಿಗೆ ತಂದದ್ದು ಏನು, ಈ ಸಲ ಅದು ಯಾಕೆ ಬರಲಿಲ್ಲ, ಎರಡೂ ನನಗೆ ತಿಳಿಯದು. ಈಗಲೂ ಭಾನುವಾರ ಲೈವ್ ಬರುತ್ತೇನೆ. ಒಂದೊಂದು ಹೆಸರು ಓದಿ, ಆರಾಮ ಇದ್ದೀರೇನ್ರಿ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕೂರುತ್ತೇನೆ. ಹೊಸಬರು ಮೇಡಂ ಅವರ ನೆಟ್‌ವರ್ಕ್ ಹೋಗಿದೆ ಎಂದುಕೊಂಡು ಫೋನು ಕೆಳಗಿಡುತ್ತಾರೆ.